ಕೊಂಬೆಗೆ ಸಿಕ್ಕದ ಗಾಳ

ಈ ಇಡೀ ಪ್ರಕರಣಕ್ಕೆ ಮೂಲ ಕಾರಣ ನಾನು ಎಂದು ದರ್ಜಿಯ ಹೆಂಡತಿ ಈಗಲೂ ಹೇಳುತ್ತಾಳೆ. ಒಪ್ಪಿಕೊಳ್ಳುತ್ತೇನೆ. ನನ್ನದು ಕ್ಷೌರದ ಅಂಗಡಿ, ಅವನದು ಪಕ್ಕದ ಹೊಲಿಗೆ ಅಂಗಡಿ, ನಡುವೆ ಒಂದೇ ಗೋಡೆ. ಕಾಯುವ ಗಿರಾಕಿಗಳಿಗೆಂದು ನಾನು ಹಳೆಯ ಪತ್ರಿಕೆಗಳನ್ನು ಇಟ್ಟಿರುತ್ತೇನೆ. ಕತ್ತಿಯ ನೊರೆ ಒರೆಸಲು ಕಾಗದ ಬೇಕಾದಾಗ ಅವುಗಳಿಂದಲೇ ಹರಿದುಕೊಳ್ಳುತ್ತೇನೆ. ಓದುವವರಿಗೆ ಪುಟದ ಮೇಲಿನರ್ಧ, ನನಗೆ ಕೆಳಗಿನರ್ಧ. ಇದು ಮೊದಲಿನಿಂದ ನಡೆದುಬಂದ ಹಂಚಿಕೆ, ಇದುವರೆಗೆ ಯಾರೂ ತಕರಾರು ಮಾಡಿಲ್ಲ. ಹೀಗಾಗಿ ನನ್ನ ಅಂಗಡಿಯಲ್ಲಿ ಕೂತು ವಿದ್ಯಾವಂತರಾದವರಿಗೆ ಲೋಕದ ಸಕಲ ವಿಷಯಗಳೂ ಗೊತ್ತು, ಅರ್ಧದವರೆಗೆ.

ದರ್ಜಿ ಒಳ್ಳೆಯವನೇ. ಆದರೆ ಮೈ ಇಲ್ಲಿ, ಮನಸ್ಸು ಇನ್ನೆಲ್ಲೋ ಇರುವ ಆಸಾಮಿ. ಅಳತೆ ತೆಗೆಯುತ್ತಾ ತೆಗೆಯುತ್ತಾ ಕಿಟಕಿಯಾಚೆ ನೋಡುತ್ತಾ ನಿಂತುಬಿಡುತ್ತಾನೆ. ಗಿರಾಕಿ ಎರಡೂ ಕೈ ಚಾಚಿಕೊಂಡು ಅವನು ವಾಪಸು ಬರುವವರೆಗೆ ಕಾಯಬೇಕು. ಒಮ್ಮೆ ಶಾಲೆಯ ಹೆಡ್‌ಮಿಸ್ಟ್ರೆಸ್ ಅವರ ಕೋಟಿಗೆ ಮೂರು ತೋಳು ಕತ್ತರಿಸಿದ್ದ. ಏನಪ್ಪಾ ಇದು ಎಂದು ಅವರು ಕೇಳಿದ್ದಕ್ಕೆ, ಒಂದು ಹೆಚ್ಚಿಗೆ ಇದ್ದರೆ ಇರಲಿ ಎಂದನಂತೆ.

ಒಂದು ದಿನ ನನ್ನ ಕುರ್ಚಿಯಲ್ಲಿ ಕೂತಾಗ ಅವನ ಕೈಗೆ ಸಿಕ್ಕಿದ್ದು ಬಾಸ್ ಮೀನು ಹಿಡಿಯುವವರಿಗಾಗಿ ಬರೆದ ಒಂದು ಪುಟ. ಬಾಸ್ ಮೀನು ಬಟ್ಟಬಯಲಲ್ಲಿ ಇರುವುದಿಲ್ಲ. ನೀರಿಗೆ ಬಿದ್ದ ಮರದ ಕೊಂಬೆ, ಜೊಂಡು, ಕಲ್ಲಿನ ಸಂದಿ, ಇಂಥಲ್ಲಿ ಅವಿತಿರುತ್ತದೆ. ಅದಕ್ಕೆ ಹಾಕುವ ಗಾಳದ ಕುತ್ತಿಗೆಗೆ ಸೀಸದ ಒಂದು ಉಂಡೆ ಎರಕ ಹೊಯ್ದಿರುತ್ತಾರೆ. ಅದಕ್ಕೆ ತಲೆ ಎಂದು ಹೆಸರು. ತಲೆಯ ಭಾರಕ್ಕೆ ಗಾಳ ತಳಕ್ಕಿಳಿಯುತ್ತದೆ, ದಾರ ಎಳೆದಂತೆ ಕುಪ್ಪಳಿಸುತ್ತಾ ಬರುತ್ತದೆ, ಬರುವಾಗ ಮೀನಿಗೆ ಸಿಗುವ ಮೊದಲು ಕೊಂಬೆಗೆ ಸಿಕ್ಕಿಕೊಳ್ಳುತ್ತದೆ. ಪುಟದಲ್ಲಿ ಮೂರು ಚಿತ್ರಗಳಿದ್ದವು: ಗುಂಡು ತಲೆ, ಮೊನೆ ತಲೆ, ಚಪ್ಪಟೆ ತಲೆ. ಅದರ ಕೆಳಗೆ ದಪ್ಪಕ್ಷರದಲ್ಲಿ, ‘ಸಿಕ್ಕಿಕೊಳ್ಳುವುದು ಗಾಳದ ತಪ್ಪಲ್ಲ, ತಲೆಯ ತಪ್ಪು. ಮುಳುಗಿದ ಮರದ ನಡುವೆ ಗಾಳ ಹಾಕುವವರು ಈ ಮೂರರಲ್ಲಿ ಆರಿಸಿಕೊಳ್ಳಬೇಕಾದದ್ದು’ ಎಂದಿತ್ತು. ಯಾವುದನ್ನು ಎನ್ನುವಷ್ಟರಲ್ಲಿ ಪುಟ ಮುಗಿದಿತ್ತು. ಉಳಿದದ್ದರಲ್ಲಿ ನಾನು ಅಂಚೆಯವನ ಗಡ್ಡದ ನೊರೆ ಒರೆಸಿ ಬಿಸಾಡಿದ್ದೆ.

ಇಷ್ಟಕ್ಕೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಆ ಭಾನುವಾರ ಅವನ ಮಾವನ ಮನೆಯಲ್ಲಿ ಊಟವಿತ್ತು.

ಮಾವ ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಳ್ಳುತ್ತಿದ್ದು ನಿವೃತ್ತರಾದವರು. ಜೀವಮಾನವಿಡೀ ಕೈಸನ್ನೆಯಲ್ಲೇ ಕೆಲಸ ಮಾಡಿ ಬಾಯಿಗೆ ಮಾತಿನ ರೂಢಿ ತಪ್ಪಿಹೋಗಿತ್ತು. ಊರಾಚೆಯ ಕೆರೆಯಲ್ಲಿ ಅವರದೊಂದು ಪುಟ್ಟ ದೋಣಿ, ಅದರಲ್ಲಿ ಎರಡೇ ಹಲಗೆ. ಮುಂದಿನದು ಮಾವನದು. ಹಿಂದಿನ ಹಲಗೆಯ ಮೇಲೆ ಬಹಳ ವರ್ಷ ಅತ್ತೆ ಕೂರುತ್ತಿದ್ದರು. ಮೊಣಕಾಲು ನೋವು ಶುರುವಾದ ಮೇಲೆ ಆ ಜಾಗ ಷಡ್ಡಕನ ಪಾಲಾಯಿತು. ಷಡ್ಡಕನೆಂದರೆ ದರ್ಜಿಯ ನಾದಿನಿಯ ಗಂಡ, ವಿಮಾ ಕಚೇರಿಯವನು, ಹದಿನೆಂಟು ಜೇಬಿನ ಅಂಗಿ ಹಾಕಿಕೊಂಡು ಮೀನು ಹಿಡಿಯಲು ಹೋಗುವವನು. ಅವನನ್ನು ಮಾವ ‘ನೀನು’ ಎನ್ನುತ್ತಿದ್ದರು. ದರ್ಜಿಗೆ ಮಾತ್ರ ಮದುವೆಯ ದಿನ ಕೊಟ್ಟ ‘ನೀವು’ ಹದಿನಾಲ್ಕು ವರ್ಷದಿಂದ ಹಾಗೇ ಇತ್ತು, ಮಡಿಕೆ ಬಿಚ್ಚದ ಬಟ್ಟೆಯಂತೆ. ಅವರಿಬ್ಬರ ನಡುವೆ ನಡೆದ ಮಾತೆಲ್ಲ ಹೆಚ್ಚೂಕಡಿಮೆ ಪ್ಯಾಂಟಿನ ಉದ್ದಕ್ಕೆ ಸಂಬಂಧಿಸಿದ್ದು. ದರ್ಜಿಗೆ ಮೀನು ಬೇಕಿರಲಿಲ್ಲ, ಈಜು ಬರುತ್ತಿರಲಿಲ್ಲ, ನೀರು ಕಂಡರೆ ಹತ್ತು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಆದರೂ ಆ ಎರಡನೇ ಹಲಗೆಯ ಮೇಲೆ ಒಮ್ಮೆ ಕೂರಬೇಕೆಂದು ಅವನಿಗೆ ಎಷ್ಟು ಆಸೆಯಿತ್ತೆಂದು ನನ್ನ ಕುರ್ಚಿಗೆ ಗೊತ್ತು.

ಊಟದ ನಡುವೆ ಮಾವ ದೋಣಿ ಮಾರುವ ವಿಷಯ ತೆಗೆದರು. ಕೆರೆಯ ಮಧ್ಯೆ ಬಹಳ ವರ್ಷದ ಹಿಂದೆಯೇ ಒಂದು ದೊಡ್ಡ ಮರ ಬಿದ್ದು ಮುಳುಗಿದೆ. ಅದರಡಿ ಒಂದು ಭಾರಿ ಬಾಸ್ ಮೀನು ಬಿಡಾರ ಹೂಡಿದೆ; ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುವುದಿಲ್ಲವೆಂದು ಜನ ಅದನ್ನು ದೊಡ್ಡ ಸಾಹೇಬ ಎನ್ನುತ್ತಾರೆ. ಕಳೆದ ಎರಡು ವರ್ಷದಲ್ಲಿ ಆ ಮರ ಮಾವನ ನಲವತ್ತು ಗಾಳ ನುಂಗಿತ್ತು. ಸಿಕ್ಕಿಕೊಂಡ ಕೂಡಲೇ ಷಡ್ಡಕ ಏಳನೇ ಜೇಬಿನಿಂದ ಚಾಕು ತೆಗೆದು ದಾರ ಕತ್ತರಿಸಿ, ಮುಂದಿನದು ಕೊಡಿ ಮಾವ ಎನ್ನುತ್ತಿದ್ದ. ಇನ್ನು ಸಾಕು ಎಂದರು ಮಾವ. ಅತ್ತೆ ಬಡಿಸುತ್ತಿದ್ದ ಸೌಟು ಹಿಡಿದು ಅಲ್ಲೇ ನಿಂತರು.

ದೋಣಿ ಹೋದರೆ ಎರಡನೇ ಹಲಗೆಯೂ ಹೋಯಿತು. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ದರ್ಜಿಯ ಬಾಯಿಂದ ಆ ದಪ್ಪಕ್ಷರದ ವಾಕ್ಯ ಹೊರಬಿತ್ತು: ಸಿಕ್ಕಿಕೊಳ್ಳುವುದು ಗಾಳದ ತಪ್ಪಲ್ಲ, ತಲೆಯ ತಪ್ಪು. ಗುಂಡು, ಮೊನೆ, ಚಪ್ಪಟೆ, ಮೂರನ್ನೂ ಅವನು ಬೆರಳು ಮಡಚಿ ಹೇಳಿದ. ಮನೆಯವರೆಲ್ಲ ಊಟ ನಿಲ್ಲಿಸಿದರು. ಸ್ನಾನದ ಮನೆಯಲ್ಲೇ ಕಾಲು ಜಾರಿ ಬೀಳುವ ತನ್ನ ಗಂಡ ಕೆರೆಯ ತಳದ ವಿಚಾರ ಮಾತಾಡುವುದನ್ನು ಅವನ ಹೆಂಡತಿ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು.

ಷಡ್ಡಕ ನಗುತ್ತಾ ಕೇಳಿದ: “ಹಾಗಾದ್ರೆ ಮರದ ಹತ್ರ ಯಾವ ತಲೆ ಹಾಕ್ಬೇಕು ಭಾವ?”

ದರ್ಜಿ ನೀರು ಕುಡಿದ. ಲೋಟ ಖಾಲಿಯಾದ ಮೇಲೂ ಸ್ವಲ್ಪ ಹೊತ್ತು ಕುಡಿದ. “ಅದು ನೀರು ನೋಡಿ ಹೇಳ್ಬೇಕು” ಎಂದ.

ಇಂಥ ಗಂಭೀರವಾದ ಮಾತು ಆ ಮನೆಯಲ್ಲಿ ಬಹಳ ಕಾಲದಿಂದ ಯಾರೂ ಆಡಿರಲಿಲ್ಲ. ಮಾವ ಮೊದಲ ಬಾರಿಗೆ ಅಳಿಯನ ಮುಖ ನೋಡಿದರು. ಮುಂದಿನ ಭಾನುವಾರ ನೀವು ದೋಣಿಗೆ ಬನ್ನಿ, ನೀವೇ ಒಂದು ತಲೆ ಆರಿಸಿಕೊಂಡು ಬನ್ನಿ, ಅದೂ ಮರಕ್ಕೆ ಸಿಕ್ಕಿಕೊಂಡರೆ ಮಾರನೇ ದಿನವೇ ದೋಣಿ ಮಾರಿಬಿಡುತ್ತೇನೆ ಎಂದರು. ಅತ್ತೆ ದರ್ಜಿಯ ತಟ್ಟೆಗೆ ಮತ್ತೆರಡು ಸೌಟು ಬಡಿಸಿದರು.

ಸೋಮವಾರ ಬೆಳಗ್ಗೆ ನಾನು ಬಾಗಿಲು ತೆಗೆಯುವ ಮೊದಲೇ ದರ್ಜಿ ಹೊಸ್ತಿಲ ಮೇಲೆ ಕೂತಿದ್ದ. ಪುಟದ ಕೆಳಗಿನರ್ಧ ಬೇಕಂತೆ. ಕಸದ ಗಾಡಿ ಆಗಲೇ ಹೋಗಿತ್ತು. ಅಂಚೆಯವನನ್ನು ಕರೆಸಿ, ನೊರೆ ಒರೆಸುವಾಗ ಕಾಗದದಲ್ಲಿ ಏನಾದರೂ ಓದಿದೆಯಾ ಎಂದು ಕೇಳಿದೆವು. ಕಣ್ಣು ಮುಚ್ಚಿಕೊಂಡಿದ್ದೆ ಎಂದ. ಬೇರೆಯವರ ಕಾಗದ ಓದುವ ಅಭ್ಯಾಸ ತನಗಿಲ್ಲವೆಂದೂ ಸೇರಿಸಿದ.

ಬೇರೆ ದಾರಿಯಿಲ್ಲದೆ ದರ್ಜಿ ತಾನು ಆಡಿದ ಮಾತನ್ನೇ ನಂಬಿದ. ಸಂಜೆ ಅಂಗಡಿ ಮುಚ್ಚಿ ನೀರು ನೋಡಲು ಹೋದ. ದಡದಿಂದ ಹತ್ತು ಹೆಜ್ಜೆ ದೂರದಲ್ಲಿ, ಹೆಗಲಿಗೆ ಅಳತೆ ಟೇಪು ಹಾಕಿಕೊಂಡು ನಿಂತ. ಕೆರೆ ತಣ್ಣಗೆ ಮಲಗಿತ್ತು. ಮೋಡಗಳು ನೀರೊಳಗೆ ಒಂದರ ಹಿಂದೊಂದು ಹೋಗುತ್ತಿದ್ದವು. ಮುಳುಗಿದ ಮರದ ಒಂದು ಕೊಂಬೆ ಮಾತ್ರ ಮೇಲೆ ಕಾಣುತ್ತಿತ್ತು, ತರಗತಿಯಲ್ಲಿ ಉತ್ತರ ಗೊತ್ತಿದ್ದವನು ಕೈ ಎತ್ತಿದಂತೆ. ನೋಡುತ್ತಾ ನೋಡುತ್ತಾ ಅವನಿಗೆ ತಾನು ಯಾಕೆ ಬಂದೆನೆಂಬುದೇ ಮರೆತುಹೋಯಿತು. ಕತ್ತಲಾಗುವ ಹೊತ್ತಿಗೆ ಮನೆಗೆ ಬಂದು, ಬಹಳ ಚೆನ್ನಾಗಿತ್ತು ಎಂದನಂತೆ. ಏನು ಎಂದು ಹೆಂಡತಿ ಕೇಳಿದರೆ ಹೇಳಲು ತಿಳಿಯಲಿಲ್ಲವಂತೆ.

ಮಂಗಳವಾರವೂ ಹೋದ. ಬುಧವಾರ ಅವನ ಹಿಂದೆ ಆರು ಜನ ನಿಂತು ತಾವೂ ನೀರು ನೋಡಿದರು. ಗಾಳ ಹಾಕುವವರು ಸಾಮಾನ್ಯವಾಗಿ ನೀರಿಗೆ ಬಂದು ತಕ್ಷಣ ಎಸೆಯುತ್ತಾರೆ. ಮೂರು ದಿನ ಬರೀ ನೋಡುವವನೆಂದರೆ ಇನ್ನೆಂಥ ಪಂಡಿತನಿರಬೇಕು ಎಂದು ಮಾತಾಯಿತು. ಕೆರೆ ಕಚೇರಿಯ ಅಧಿಕಾರಿ ಸೈಕಲ್ಲಿಳಿದು ಬಂದರು. ಮೀನು ಹಿಡಿಯಲು ಪರವಾನಗಿ ಕೊಡುವುದು ಅವರ ಕೆಲಸ. ಸ್ವತಃ ಮೀನು ಕಂಡರೆ ಅವರಿಗೆ ಭಯ. ನಿಮ್ಮ ಅಭಿಪ್ರಾಯವೇನು ಎಂದು ಅವರು ವಿನಯದಿಂದ ಕೇಳಿದರು. ಇನ್ನೂ ನೋಡಬೇಕು ಎಂದ ದರ್ಜಿ. ಗುರುವಾರ ಬೆಳಗ್ಗೆ ಕೆರೆ ಕಚೇರಿಯ ಫಲಕದ ಮೇಲೆ, ಸೀಸದ ತಲೆಗಳ ಆಯ್ಕೆಯ ಬಗ್ಗೆ ಸಾರ್ವಜನಿಕರು ದರ್ಜಿಯವರನ್ನು ಸಂಪರ್ಕಿಸತಕ್ಕದ್ದು ಎಂಬ ನೋಟೀಸು ಬಿದ್ದಿತ್ತು, ಕೆಳಗೆ ಮೊಹರು.

ಆಮೇಲಿನದು ಕೇಳಬೇಡಿ. ಜನ ಡಬ್ಬಿಗಟ್ಟಲೆ ಗಾಳ ಹಿಡಿದುಕೊಂಡು ನನ್ನ ಅಂಗಡಿಯ ಬಾಗಿಲವರೆಗೂ ಸಾಲು ನಿಂತರು. ನನ್ನ ಗಿರಾಕಿಗಳು ಒಳಗೆ ಬರುವಂತಿಲ್ಲ, ಬಂದವರು ಹೊರಗೆ ಹೋಗುವಂತಿಲ್ಲ. ಒಬ್ಬನಿಗೆ ಹೊತ್ತು ಹೋಗಲೆಂದು ಎರಡು ಸಲ ಕ್ಷೌರ ಮಾಡಿದೆ. ದರ್ಜಿ ಪ್ರತಿಯೊಬ್ಬನ ಗಾಳವನ್ನೂ ಬೆಳಕಿಗೆ ಹಿಡಿದು, ಇದು ನೀರು ನೋಡಿ ಹೇಳಬೇಕು ಎನ್ನುತ್ತಿದ್ದ. ಅವರು ತೃಪ್ತಿಯಿಂದ ತಲೆಯಾಡಿಸಿ ಹೋಗುತ್ತಿದ್ದರು. ಹೋಗುವಾಗ ಅವರು ಬಿಟ್ಟುಹೋದ ಮೂರು ತರದ ತಲೆಗಳೂ ಅವನ ಮೇಜಿನ ಮೇಲೆ ರಾಶಿ ಬಿದ್ದವು. ಭಾನುವಾರಕ್ಕೆ ಮೂರೇ ದಿನ. ಅವನ ಮುಖ ಸುಣ್ಣವಾಯಿತು.

ಶುಕ್ರವಾರ ಮಧ್ಯಾಹ್ನ ಗೋಡೆಯಾಚೆ ಹೊಲಿಗೆ ಯಂತ್ರದ ಸದ್ದು ನಿಂತದ್ದನ್ನು ಕೇಳಿ ನಾನು ಇಣುಕಿದೆ. ಒಳಗೆ ಅಂಗಡಿ ಇರಲಿಲ್ಲ, ಕೆರೆಯಿತ್ತು. ನೆಲದ ತುಂಬ ಬೂದು ಬಣ್ಣದ ಸ್ಯಾಟಿನ್ ಹಾಸಿದ್ದ, ಅದು ಕೆಸರು. ಸಭಾಂಗಣದವರು ಹೊಲಿಯಲು ಕೊಟ್ಟಿದ್ದ ಹಸಿರು ಪರದೆಯನ್ನು ಉದ್ದುದ್ದ ಇಳಿಬಿಟ್ಟಿದ್ದ, ಅದು ಜೊಂಡು. ತಂತಿಯ ಮೇಲೆ ಊರವರ ಪ್ಯಾಂಟುಗಳು ಸಾಲಾಗಿ ನೇತಾಡುತ್ತಿದ್ದವು, ಅವು ಮರದ ಬೊಡ್ಡೆಗಳು. ಕೋಟು ತೊಡಿಸುವ ಮರದ ಗೊಂಬೆಯನ್ನು ಅಡ್ಡ ಮಲಗಿಸಿ ಅದರ ಮೇಲೆ ಉಣ್ಣೆ ಶಾಲು ಹೊದಿಸಿದ್ದ, ಅದು ಮುಳುಗಿದ ಮರ. ದರ್ಜಿ ಮಾತ್ರ ಕಾಣಲಿಲ್ಲ. ಕತ್ತರಿಸುವ ಮೇಜಿನ ಕೆಳಗಿಂದ ಅವನ ದನಿ ಬಂತು. ಅಂಗಾತ ಮಲಗಿ, ಮೀನಿನ ಜಾಗದಿಂದ ಮೇಲಕ್ಕೆ ನೋಡುತ್ತಾ, ಒಂದೊಂದೇ ಗಾಳವನ್ನು ದಾರಕ್ಕೆ ಕಟ್ಟಿ ಎಳೆದುಕೊಳ್ಳುತ್ತಿದ್ದ.

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಬಾಗಿಲಿನ ಹಸಿರು ಗಾಜಿನಿಂದ ಬಿಸಿಲು ಒಳಗಿಳಿದು ಪರದೆಯ ಮೇಲೆ ಅಲುಗಾಡುತ್ತಿತ್ತು. ಕತ್ತಿಯನ್ನು ಜೇಬಿಗಿಟ್ಟು ನಾನೂ ಮೇಜಿನ ಕೆಳಗೆ ಹೋಗಿ ಮಲಗಿದೆ. ಸ್ವಲ್ಪ ಹೊತ್ತಿಗೆ ಕೋಟು ಒಯ್ಯಲು ಬಂದ ಹೆಡ್‌ಮಿಸ್ಟ್ರೆಸ್, ಇದೇನು ಅವತಾರ ಎಂದು ಗದರಿಸಲು ಬಗ್ಗಿದವರು, ಕನ್ನಡಕ ಸರಿಮಾಡಿಕೊಂಡು ನಮ್ಮ ಪಕ್ಕದಲ್ಲೇ ಒರಗಿದರು. ಮೂವರೂ ಮೇಲೆ ಈಜಿಹೋಗುವ ಗಾಳಗಳನ್ನು ನೋಡಿದೆವು. ಆಮೇಲೆ ಅಂಚೆಯವನು ಬಂದ. ಅವನ ಕಾಲುಗಳೂ ಸ್ವಲ್ಪ ಹೊತ್ತು ಬೊಡ್ಡೆಗಳಾಗಿ ನಿಂತಿದ್ದವು.

ದರ್ಜಿ ಬಟ್ಟೆಯ ಭಾಷೆಯಲ್ಲಿ ಲೆಕ್ಕ ಹಾಕಿದ. ಗುಂಡು ತಲೆ ಪ್ಯಾಂಟಿನ ಮಡಿಕೆಯಲ್ಲಿ ಉರುಳಿ ಸಿಕ್ಕಿಹಾಕಿಕೊಂಡಿತು. ಚಪ್ಪಟೆ ತಲೆ ಸ್ಯಾಟಿನ್ ಮೇಲೆ ರಾಜನಂತೆ ಬಂದು, ಕಲ್ಲುಗಳೆಂದು ಚೆಲ್ಲಿದ್ದ ಕೋಟಿನ ಗುಂಡಿಗಳಲ್ಲಿ ಮೊದಲನೆಯದಕ್ಕೇ ಸೋತಿತು. ಮೊನೆ ತಲೆ ಪರದೆಯನ್ನೂ ಗುಂಡಿಗಳನ್ನೂ ದಾಟಿತು, ಆದರೆ ಉಣ್ಣೆಯಲ್ಲಿ ಅದರ ಕೊಕ್ಕೆ ಕಚ್ಚಿಕೊಂಡು, ಶಾಲು ಗೊಂಬೆ ಸಮೇತ ನಮ್ಮ ಮೇಲೆ ಉರುಳಿತು. ಆಗ ಅವನಿಗೆ ಹೊಳೆಯಿತು. ಬಟ್ಟೆಯ ಧೂಳು ಹೊಡೆಯುವ ಬ್ರಷ್ಷಿನಿಂದ ಗಟ್ಟಿ ಕೂದಲುಗಳನ್ನು ಕಿತ್ತು, ಮೊನೆ ತಲೆಯ ಕೊಕ್ಕೆಯ ಮುಂದೆ ಓರೆಯಾಗಿ ನಿಲ್ಲುವಂತೆ ಕಾಜದ ದಾರದಲ್ಲಿ ಬಿಗಿದ. ಕೊಂಬೆ ತಾಗಿದರೆ ಕೂದಲು ತಳ್ಳುತ್ತದೆ, ಮೀನು ಕಚ್ಚಿದರೆ ಬಾಗುತ್ತದೆ. ಏಳು ಕೂದಲಿಗೆ ಸಿಕ್ಕಿಕೊಂಡಿತು, ಹನ್ನೊಂದಕ್ಕೆ ಬೆರಳಿಂದ ಒತ್ತಿದರೂ ಬಾಗಲಿಲ್ಲ, ಒಂಬತ್ತಕ್ಕೆ ಹದವಾಯಿತು. ಇಂಥದ್ದು ಅಂಗಡಿಯಲ್ಲಿ ರೆಡಿಮೇಡ್ ಸಿಗುತ್ತದಲ್ಲ ಎಂದು ಅಂಚೆಯವನು ಹೇಳಿದ. ರೆಡಿಮೇಡ್ ಎಂಬ ಮಾತು ಕೇಳಿ ದರ್ಜಿ ಅವನತ್ತ ನೋಡಿದ ನೋಟ ನನಗಿನ್ನೂ ನೆನಪಿದೆ.

ಭಾನುವಾರ ಬೆಳಗ್ಗೆ ಕೆರೆಯ ದಡದಲ್ಲಿ ನಿಲ್ಲಲು ಜಾಗವಿರಲಿಲ್ಲ. ಕೆರೆ ಅಧಿಕಾರಿ ರಿಜಿಸ್ಟರು ತಂದಿದ್ದರು. ಅದರಲ್ಲಿ ‘ಸಿಕ್ಕಿಕೊಂಡಿದೆ’, ‘ಸಿಕ್ಕಿಕೊಂಡಿಲ್ಲ’ ಎಂದು ಎರಡು ಕಾಲಂ ಎಳೆದಿದ್ದರು. ಷಡ್ಡಕ ಹದಿನೆಂಟು ಜೇಬಿನೊಂದಿಗೆ ದಡದಲ್ಲೇ ಉಳಿದಿದ್ದ. ಅತ್ತೆ ಮಡಿಚುವ ಕುರ್ಚಿಯ ಮೇಲೆ ಕೂತಿದ್ದರು. ದರ್ಜಿಯ ಹೆಂಡತಿ ಅವನ ಸೊಂಟಕ್ಕೆ ಗಾಳಿ ತುಂಬಿದ ಎರಡು ಟ್ಯೂಬು ಕಟ್ಟಿದಳು. ಅವನು ಕಣ್ಣು ಮುಚ್ಚಿಕೊಂಡು ದೋಣಿ ಹತ್ತಿ, ಹಿಂದಿನ ಹಲಗೆಯ ಮೇಲೆ ಕೂತ. ಮಾವ ಹುಟ್ಟು ಹಾಕಿದರು. ತೆಳ್ಳಗಿನ ಮಂಜಿನಲ್ಲಿ ದೋಣಿ ಮರದ ಕಡೆ ಮೆಲ್ಲಗೆ ಸಾಗಿತು.

ದೋಣಿಯಲ್ಲಿ ನಡೆದದ್ದನ್ನು ಅವನೇ ನನ್ನ ಕುರ್ಚಿಯಲ್ಲಿ ಕೂತು ಹೇಳಿದ್ದಾನೆ. ಆ ಕುರ್ಚಿಯಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ, ಕತ್ತಿ ನನ್ನ ಕೈಯಲ್ಲಿರುತ್ತದೆ.

ಮಾವ ಕೊಂಬೆಗಳ ನಟ್ಟನಡುವೆ ಗಾಳ ಎಸೆದರು. ಅದು ತಳಕ್ಕಿಳಿಯಿತು, ಕೊಂಬೆ ಹತ್ತಿತು, ಇಳಿಯಿತು, ನುಸುಳಿತು, ಸಲೀಸಾಗಿ ದೋಣಿಗೆ ಬಂತು. ದಡದಲ್ಲಿ ಚಪ್ಪಾಳೆಯಾಯಿತು. ಎರಡನೇ ಸಲವೂ ಹಾಗೇ. ಹತ್ತನೇ ಸಲವೂ ಹಾಗೇ. ದೊಡ್ಡ ಸಾಹೇಬನೂ ಬರಲಿಲ್ಲ. ಅರ್ಧ ಗಂಟೆಯೊಳಗೆ ಕೆಲಸವೆಲ್ಲ ಮುಗಿದುಹೋಯಿತು. ಮಾವ ಗಾಳದ ಕೋಲನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತರು. ಗೆದ್ದವರ ಮುಖವಾಗಿರಲಿಲ್ಲ ಅದು.

ಆಮೇಲೆ ಅವರು ಹೇಳಿದರು: “ಇಷ್ಟು ಬೇಗ ಮುಗಿಯತ್ತೆ ಅಂತ ಗೊತ್ತಿರಲಿಲ್ಲ.”

ದರ್ಜಿ ನೀರು ನೋಡುತ್ತಿದ್ದ. ಅದೊಂದು ಕೆಲಸ ಅವನಿಗೆ ಚೆನ್ನಾಗಿ ಬರುತ್ತದೆ. ಎದುರಿಗೊಬ್ಬ ಹೀಗೆ ಅವಸರವಿಲ್ಲದೆ ಕೂತಿರುವುದನ್ನು ಕಂಡದ್ದಕ್ಕೋ ಏನೋ, ಮಾವನ ಬಾಯಿ ತಾನಾಗಿ ತೆರೆಯಿತು.

“ನಿಮ್ಮತ್ತೆ ಬರ್ತಿದ್ದಾಗ ದಿನಾ ಸಿಕ್ಕಿಕೊಳ್ತಿತ್ತು. ಕತ್ತರಿಸೋಕೆ ಅವಳು ಬಿಡ್ತಿರಲಿಲ್ಲ. ಮರದ ಸುತ್ತ ದೋಣಿ ತಿರುಗಿಸ್ಕೊಂಡು, ಒಂದ್ಸಲ ಆ ಕಡೆಯಿಂದ ಎಳೆದು, ಒಂದ್ಸಲ ಈ ಕಡೆಯಿಂದ ಸಡಿಲ ಬಿಟ್ಟು, ಬಿಡಿಸೋ ಹೊತ್ತಿಗೆ ಮಧ್ಯಾಹ್ನ ಆಗ್ತಿತ್ತು. ಮನೆ ಕಟ್ಟೋ ವಿಚಾರ, ಹುಡುಗೀರ ಓದು, ನಿಮಗೆ ಮಗಳನ್ನ ಕೊಡೋ ವಿಚಾರ, ಎಲ್ಲ ಅಲ್ಲೇ ಮಾತಾಡಿದ್ದು. ಮನೇಲಿ ನಾನು ಎಲ್ಲಿ ಮಾತಾಡ್ತೀನಿ.”

“ಮೀನು?” ಎಂದು ದರ್ಜಿ ಕೇಳಿದ.

“ಮೀನು ಯಾರಿಗೆ ಬೇಕಿತ್ತು” ಎಂದರು ಮಾವ.

ದರ್ಜಿ ಯೋಚನೆ ಮಾಡಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ. ಗಾಳ ಸಿಕ್ಕಿಕೊಂಡರೆ ದೋಣಿ ಹೋಗುತ್ತದೆ ಎಂಬ ಮಾತು ಆಗಿತ್ತಲ್ಲ. ಆದರೆ ಯೋಚನೆ ಅವನ ಅಭ್ಯಾಸವಲ್ಲ. ಕನಸಿನಲ್ಲಿ ನಡೆಯುವವನ ಹಾಗೆ ಜೇಬಿನಿಂದ ಪುಟ್ಟ ಕತ್ತರಿ ತೆಗೆದ, ಮಾವನ ಕೈಯಿಂದ ಗಾಳ ತೆಗೆದುಕೊಂಡ, ತಾನೇ ಬಿಗಿದಿದ್ದ ಒಂಬತ್ತು ಕೂದಲನ್ನೂ ಬುಡಕ್ಕೆ ಕತ್ತರಿಸಿದ. ಆಮೇಲೆ ಎದ್ದು ನಿಂತು, ಟ್ಯೂಬುಗಳ ಸಮೇತ ತೂರಾಡುತ್ತಾ, ಮರದ ಕಡೆಗೆ ಎಸೆದ. ಹುಟ್ಟಿದಾಗಿನಿಂದ ಅವನು ಎಸೆದ ಮೊದಲ ಗಾಳ. ಒಂದೇ ಎಸೆತಕ್ಕೆ ಅದು ದಪ್ಪ ಕೊಂಬೆಗೆ ಕಚ್ಚಿಕೊಂಡಿತು.

ದಡದಲ್ಲಿ ನಾವೆಲ್ಲ ನೀರಿನ ಅಂಚಿಗೆ ನುಗ್ಗಿದೆವು. ದರ್ಜಿಯ ಹೆಂಡತಿ ಕಣ್ಣಿಗೆ ಕೈ ಅಡ್ಡ ಹಿಡಿದಳು. ಷಡ್ಡಕ ಚಾಕು ತೆಗೆದು ಮೇಲೆತ್ತಿ ತೋರಿಸುತ್ತಾ, ಕತ್ತರಿಸಿ, ಕತ್ತರಿಸಿ ಎಂದು ಕೂಗಿದ. ದೋಣಿಯಲ್ಲಿ ದರ್ಜಿಗೆ ಆಗ ಎಚ್ಚರವಾಯಿತು. ಏನು ಮಾಡಿಬಿಟ್ಟೆ ಎಂದು ತಿಳಿದು ಕತ್ತರಿಯನ್ನು ದಾರದ ಹತ್ತಿರ ಒಯ್ದ.

“ಕತ್ತರಿ ಜೇಬಿಗೆ ಹಾಕ್ಕೋ” ಎಂದರು ಮಾವ. “ಹಿಂದಕ್ಕೆ ಜರುಗಿ ಕೂತ್ಕೋ. ನಿನಗೆ ಹುಟ್ಟು ಹಾಕೋಕೆ ಬರತ್ತಾ?”

ಬರುವುದಿಲ್ಲ ಎಂದ ದರ್ಜಿ. ಹೇಳಿಕೊಡುತ್ತೇನೆ ಎಂದರು ಮಾವ.

ದೋಣಿ ಮರದ ಸುತ್ತ ತಿರುಗತೊಡಗಿತು. ನಮಗೆ ಕಾಣುತ್ತಿದ್ದದ್ದು ಇಷ್ಟೇ: ಅರ್ಧ ಸುತ್ತಿನಲ್ಲಿ ಮಾವನ ಮುಖ ಈ ಕಡೆ, ಉಳಿದರ್ಧದಲ್ಲಿ ದರ್ಜಿಯ ಮುಖ ಈ ಕಡೆ, ಇಬ್ಬರ ಬಾಯಿಯೂ ಆಡುತ್ತಿತ್ತು. ಸಿಗ್ನಲ್ಲಿನ ಮನುಷ್ಯ ಎರಡು ಕೈಯಗಲಿಸಿ ಯಾವುದೋ ರೈಲಿನ ಕಥೆ ಹೇಳುತ್ತಿದ್ದರು. ದರ್ಜಿ ಮೂರು ತೋಳಿನ ಕೋಟಿನ ಕಥೆ ಹೇಳಿರಬೇಕು, ಮಾವ ನಕ್ಕದ್ದು ದಡಕ್ಕೂ ಕೇಳಿತು. ಅವರ ಬೆನ್ನ ಹಿಂದೆ ನೀರು ಮೆಲ್ಲಗೆ ಉಬ್ಬಿ, ದೊಡ್ಡ ಸಾಹೇಬ ಅರ್ಧ ಮೈ ಮೇಲೆತ್ತಿ, ಇದ್ಯಾಕೆ ಈವತ್ತು ಇಷ್ಟು ಸದ್ದು ಎನ್ನುವಂತೆ ನೋಡಿ ಮತ್ತೆ ಕೆಳಗಿಳಿದ. ಇಬ್ಬರೂ ಅದನ್ನು ಗಮನಿಸಲೇ ಇಲ್ಲ. ಅತ್ತೆ ಕುರ್ಚಿಯಿಂದ ಎದ್ದು ನಿಂತು, ತೋಳಿನಿಂದಲೇ ಕಣ್ಣೊರೆಸಿಕೊಂಡರು.

ಕೆರೆ ಅಧಿಕಾರಿಗೆ ಇದ್ಯಾವುದೂ ಬೇಕಿರಲಿಲ್ಲ. ಹನ್ನೊಂದು ಗಂಟೆಗೆ ಅವರು ರಿಜಿಸ್ಟರು ತೆರೆದು, ಪೆನ್ನು ಹಿಡಿದು ನೀರಿನ ಅಂಚಿಗೆ ಬಂದರು. ಗಾಳ ಸಿಕ್ಕಿಕೊಂಡಿದೆಯೋ ಇಲ್ಲವೋ, ಯಾವ ಕಾಲಂನಲ್ಲಿ ಬರೆಯಬೇಕು, ಬೇಗ ಹೇಳಬೇಕು ಎಂದು ಕೂಗಿ ಕೇಳಿದರು.

ಹುಟ್ಟು ನಿಂತಿತು. ಮಾವ ಅಳಿಯನ ಮುಖ ನೋಡಿದರು. ಆಮೇಲೆ ದಡದ ಕಡೆ ತಿರುಗಿ, ಜೀವಮಾನದಲ್ಲಿ ನಾವು ಅವರಿಂದ ಕೇಳದಷ್ಟು ದೊಡ್ಡ ದನಿಯಲ್ಲಿ ಹೇಳಿದರು:

“ಅದು ನೀರು ನೋಡಿ ಹೇಳ್ಬೇಕು.”

ಅಧಿಕಾರಿ ಎರಡೂ ಕಾಲಂ ಖಾಲಿ ಬಿಟ್ಟು ಮೊಹರು ಹಾಕಿದರು. ಹೊಟ್ಟೆ ಹಸಿದು ನಾವೆಲ್ಲ ಮನೆಗೆ ಹೋದೆವು. ದೋಣಿ ಇನ್ನೂ ಮರದ ಸುತ್ತ ತಿರುಗುತ್ತಿತ್ತು. ಸೋಮವಾರ ಬೆಳಗ್ಗೆ ಗೋಡೆಯಾಚೆ ಯಂತ್ರದ ಸದ್ದು ಕೇಳಿ ನಾನು ಇಣುಕಿದಾಗ, ದರ್ಜಿ ಸಭಾಂಗಣದ ಹಸಿರು ಪರದೆಯ ಒಂದು ತುಂಡಿನಿಂದ ಉದ್ದನೆಯ ದಿಂಬು ಹೊಲಿಯುತ್ತಿದ್ದ. ದೋಣಿಯ ಹಲಗೆ ಗಟ್ಟಿಯಂತೆ, ಮುಂದಿನ ಭಾನುವಾರಕ್ಕೆ ಬೇಕಂತೆ.